“ಒಂದೇ ಡಿಸ್ಕ್ ತಾನೇ” ಅಂತಾನಲ್ಲ!

ಎಂಟು ತಿಂಗಳಾದ ಮೇಲೆ ನನ್ನ ‘ಮಾಂಟಿ ಪೈಥಾನ್’ ಡಿವಿಡಿ ಬಾಕ್ಸ್ ಸೆಟ್ ವಾಪಸ್ ಬಂತು. ಒಂದು ವಾರಕ್ಕೆ ಅಂತ ಗೆಳೆಯ ತೆಗೆದುಕೊಂಡು ಹೋದದ್ದು. ಈ ಎಂಟು ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ “ಈ ವಾರ ಖಂಡಿತ” ಅನ್ನುವ ಒಂದೇ ಉತ್ತರ. ಕೊನೆಗೆ ಮೊನ್ನೆ ಬಂದ. ಬಾಗಿಲಲ್ಲೇ ನಿಂತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದನ್ನು ಕೈಗಿಟ್ಟ. ಒಳಗೆ ಬಾ ಅಂದರೂ ಬರಲಿಲ್ಲ, ಅರ್ಜೆಂಟ್ ಕೆಲಸ ಇದೆ ಅಂತ ಹೊರಟೇಬಿಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕವರ್ ಬಿಚ್ಚಿದೆ. ಡಬ್ಬಿಯ ಮೇಲೆ ಲೋಟ ಇಟ್ಟಿದ್ದ ಗುಂಡನೆಯ ಗುರುತು. ಒಂದಲ್ಲ, ಮೂರು, ಒಂದರ ಮೇಲೊಂದು. ಸರಿ, ಡಬ್ಬಿ ತಾನೇ ಅಂತ ಸಮಾಧಾನ ಮಾಡಿಕೊಂಡೆ. ಒಳಗಿನ ಕೇಸ್‌ಗಳನ್ನು ಒಂದೊಂದಾಗಿ ತೆರೆದೆ. ಎರಡನೇ ಸರಣಿಯ ಕೇಸ್ ತೆರೆದಾಗ ಎದೆ ಧಸಕ್ಕೆಂದಿತು. ಮೊದಲ ಡಿಸ್ಕ್ ಇರಬೇಕಾದ ಜಾಗ ಖಾಲಿ. ಡಿಸ್ಕನ್ನು ನಡುವೆ ಹಿಡಿದುಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿವೆಯಲ್ಲ, ಅದರಲ್ಲಿ ಎರಡು ಮುರಿದಿವೆ. ಅಂದರೆ ಒತ್ತಿ ಬಿಡಿಸುವ ತಾಳ್ಮೆಯೂ ಇಲ್ಲದೆ, ಅಂಚು ಹಿಡಿದು ಕಿತ್ತಿದ್ದಾನೆ.

ಫೋನ್ ಮಾಡಿದೆ. “ಓ, ಅದರಲ್ಲಿ ಇರಲಿಲ್ವಾ? ಎಲ್ಲೋ ಇರುತ್ತೆ ಬಿಡು. ಒಂದೇ ಡಿಸ್ಕ್ ತಾನೇ, ಯೂಟ್ಯೂಬ್‌ನಲ್ಲಿ ಎಲ್ಲಾ ಇದೆಯಲ್ಲ” ಅಂದ. ಕ್ಷಮಿಸು ಅನ್ನಲಿಲ್ಲ, ಹುಡುಕುತ್ತೇನೆ ಅನ್ನಲಿಲ್ಲ. ಯೂಟ್ಯೂಬ್‌ನಲ್ಲಿ ಇದೆಯಂತೆ!

ಆ ಮಾತು ಕೇಳಿ ಮೈ ಉರಿದು ಹೋಯ್ತು. ಎರಡು ದಿನ ಆಯ್ತು, ಇನ್ನೂ ತಣ್ಣಗಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದು ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಅನ್ನುವ ಬ್ರಿಟಿಷ್ ಟಿವಿ ಹಾಸ್ಯ ಕಾರ್ಯಕ್ರಮದ ಪೂರ್ತಿ ಸೆಟ್. 1969ರ ಅಕ್ಟೋಬರ್ 5ರಂದು ಬಿಬಿಸಿಯಲ್ಲಿ ಶುರುವಾಗಿ 1974ರ ಡಿಸೆಂಬರಿನಲ್ಲಿ ಮುಗಿದ ಕಾರ್ಯಕ್ರಮ. ಒಟ್ಟು ನಾಲ್ಕು ಸರಣಿ, 45 ಎಪಿಸೋಡ್. ಮೊದಲ ಮೂರು ಸರಣಿಯಲ್ಲಿ ತಲಾ 13, ತಂಡದ ನಟ ಜಾನ್ ಕ್ಲೀಸ್ ಬಿಟ್ಟು ಹೋದ ಮೇಲೆ ಬಂದ ನಾಲ್ಕನೆಯದರಲ್ಲಿ ಬರೀ 6. ನಾನು ದುಡ್ಡು ಕೂಡಿಟ್ಟು ಕೊಂಡದ್ದು. ಆ ಡಬ್ಬಿ ಕೈಗೆ ಬಂದ ದಿನ ರಾತ್ರಿ ಮೊದಲ ಎಪಿಸೋಡಿನಿಂದ ನೋಡಲು ಕೂತವನು, ಸರದಿ ತಪ್ಪಿಸದೆ 45ನ್ನೂ ನೋಡಿ ಮುಗಿಸಿದ್ದೇನೆ. ಆಮೇಲೆ ಎಷ್ಟೋ ಸಲ ಮತ್ತೆ ನೋಡಿದ್ದೇನೆ. ಮನಸ್ಸು ಕೆಟ್ಟಾಗ ಕೈ ತಾನಾಗಿ ಆ ಕಪಾಟಿನ ಕಡೆಗೆ ಹೋಗುತ್ತಿತ್ತು.

ಕಳೆದು ಹಾಕಿದ್ದಾದರೂ ಯಾವ ಡಿಸ್ಕನ್ನು? ಎರಡನೇ ಸರಣಿಯ ಮೊದಲಿನದನ್ನು. 1970ರ ಸೆಪ್ಟೆಂಬರ್ 15ರ ಎಪಿಸೋಡ್ ಅದರಲ್ಲಿದೆ. ಉದ್ದ ಕಾಲಿನ ಕ್ಲೀಸ್, ಬೌಲರ್ ಟೋಪಿ ಹಾಕಿ, ಸರ್ಕಾರಿ ಅಧಿಕಾರಿಯ ಹಾಗೆ ಗಂಭೀರವಾಗಿ ವಿಚಿತ್ರ ನಡಿಗೆ ನಡೆಯುವುದು ಅದರಲ್ಲೇ. ಅದರ ಮುಂದಿನ ವಾರದ್ದೇ ಸ್ಪ್ಯಾನಿಷ್ ಇನ್ಕ್ವಿಸಿಷನ್ ಎಪಿಸೋಡ್, ಅಂದರೆ ಹಿಂದೆ ಸ್ಪೇನಿನಲ್ಲಿ ಧರ್ಮ ಬಿಟ್ಟವರನ್ನು ಹಿಡಿದು ಹಿಂಸಿಸುತ್ತಿದ್ದ ಧಾರ್ಮಿಕ ವಿಚಾರಣಾ ಕೋರ್ಟಿನ ತಮಾಷೆ. ಇಡೀ ಸೆಟ್‌ನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದು.

ಯೂಟ್ಯೂಬ್‌ನಲ್ಲಿ ಎಲ್ಲಾ ಇದೆ ಅನ್ನುವವರಿಗೆ ಈ ಒಂದು ಎಪಿಸೋಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಹೌದು, ಯಾರಾದರೂ ‘ಇನ್ಕ್ವಿಸಿಷನ್ ಬರುತ್ತೆ ಅಂತ ಅಂದುಕೊಂಡಿರಲಿಲ್ಲ’ ಅಂದ ಕೂಡಲೇ ಕೆಂಪು ನಿಲುವಂಗಿ ಹಾಕಿದ ಮೂರು ಜನ, ಮೈಕೆಲ್ ಪೇಲಿನ್, ಟೆರಿ ಜೋನ್ಸ್, ಟೆರಿ ಗಿಲಿಯಮ್, ಬಾಗಿಲು ದೂಡಿ ನುಗ್ಗುವ ತುಣುಕು ಸಿಗುತ್ತದೆ. ಮೂರು ನಿಮಿಷ ನೋಡುತ್ತೀರಿ, ನಗುತ್ತೀರಿ, ಮುಗಿಯಿತು. ಆದರೆ ಎಪಿಸೋಡಿನಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಅವರು ಮತ್ತೆ ಬರುತ್ತಾರೆ. ಒಬ್ಬ ಅಜ್ಜಿಯನ್ನು ಮೆತ್ತನೆಯ ದಿಂಬಿನಿಂದ ತಿವಿದು ಹಿಂಸೆ ಕೊಡಲು ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆರಾಮ ಕುರ್ಚಿಯಲ್ಲಿ ಕೂರಿಸುತ್ತಾರೆ. ಕೊನೆಗೆ ಕೋರ್ಟಿನ ದೃಶ್ಯ. ಅಲ್ಲಿ ನ್ಯಾಯಾಧೀಶ ‘ಇನ್ಕ್ವಿಸಿಷನ್ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ’ ಅನ್ನುವ ಮಾತು ಆಡುತ್ತಾನೆ. ಎಲ್ಲರೂ ಬಾಗಿಲ ಕಡೆ ತಿರುಗುತ್ತಾರೆ. ಯಾರೂ ಬರುವುದಿಲ್ಲ! ಯಾಕೆಂದರೆ ಆ ಮೂವರು ಇನ್ನೂ ಬಸ್ಸಿನಲ್ಲಿದ್ದಾರೆ. ಅಷ್ಟರಲ್ಲಿ ಕಾರ್ಯಕ್ರಮದ ಹೆಸರುಗಳು ಪರದೆ ಮೇಲೆ ಓಡಲು ಶುರುವಾಗಿವೆ. ಹೆಸರು ಮುಗಿಯುವುದರೊಳಗೆ ಕೋರ್ಟ್ ತಲುಪಬೇಕು ಅಂತ ಅವರು ಒದ್ದಾಡುತ್ತಾರೆ. ಓಡಿ ಬಂದು ಬಾಗಿಲು ದೂಡಿ ಬಾಯಿ ತೆರೆಯುವ ಹೊತ್ತಿಗೆ ‘ಮುಗಿಯಿತು’ ಅಂತ ಬಂದುಬಿಡುತ್ತದೆ.

ಮೊದಲ ಮೂರು ನಿಮಿಷ ಮಾತ್ರ ನೋಡಿದವನಿಗೆ ಈ ಕೊನೆ ಏನಂತ ಅರ್ಥವಾಗಬೇಕು? ಅರ್ಧ ಗಂಟೆ ಕೂತು, ಆ ಬಾಗಿಲು ಮತ್ತೆ ಯಾವಾಗ ತೆರೆಯುತ್ತೋ ಅಂತ ಕಾದವನಿಗೆ ಮಾತ್ರ ಆ ನಗು ಸಿಗುವುದು. ಪೈಥಾನ್ ತಂಡದವರು ಕಟ್ಟಿದ್ದು ಬಿಡಿ ಜೋಕುಗಳನ್ನಲ್ಲ, ಅರ್ಧ ಗಂಟೆಯ ಎಪಿಸೋಡುಗಳನ್ನು. ಒಂದು ಸ್ಕೆಚ್‌ಗೆ, ಅಂದರೆ ಪುಟ್ಟ ಹಾಸ್ಯ ಪ್ರಸಂಗಕ್ಕೆ, ಕೊನೆಯ ಪಂಚ್ ಬೇಕು ಅನ್ನುವ ನಿಯಮವನ್ನೇ ಇವರು ಬಿಸಾಕಿದರು. ಒಂದು ಸ್ಕೆಚ್ ಅರ್ಧಕ್ಕೆ ನಿಂತು ಇನ್ನೊಂದರೊಳಗೆ ಜಾರಿಕೊಳ್ಳುತ್ತದೆ. ನಡುವೆ ಗಿಲಿಯಮ್ ಅವರ ಕತ್ತರಿಸಿದ ಚಿತ್ರಗಳ ಅನಿಮೇಷನ್. ಎಲ್ಲವನ್ನೂ ಅಪ್ಪಚ್ಚಿ ಮಾಡುವ ಆ ದೊಡ್ಡ ಪಾದ ನೆನಪಿದೆಯಲ್ಲ? ಅದನ್ನು ಅವರು ತೆಗೆದದ್ದು ಬ್ರಾಂಜಿನೋ ಅನ್ನುವ ಹಳೆಯ ಇಟಲಿ ಚಿತ್ರಕಾರನ ವರ್ಣಚಿತ್ರದಿಂದ. ಆ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ತುಣುಕು ಮಾಡಿ ಹಾಕುವವರು ಮೊದಲು ಕತ್ತರಿಸುವುದೇ ಈ ಅನಿಮೇಷನ್ನನ್ನು.

ಸ್ಪ್ಯಾಮ್ ಸ್ಕೆಚ್ ಕೂಡ ಅಷ್ಟೇ. ಸ್ಪ್ಯಾಮ್ ಅಂದರೆ ಡಬ್ಬಿಯಲ್ಲಿ ಬರುವ ಮಾಂಸ, ಆ ಸ್ಕೆಚ್‌ನ ಹೋಟೆಲಿನಲ್ಲಿ ಏನು ಕೇಳಿದರೂ ಅದೇ. ಬೇಡದ ಇಮೇಲ್‌ಗೆ ಸ್ಪ್ಯಾಮ್ ಅನ್ನುವ ಹೆಸರು ಬಂದದ್ದೇ ಇದರಿಂದ. ಆ ಎಪಿಸೋಡಿನ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳ ನಡುವೆಯೂ ಸ್ಪ್ಯಾಮ್ ಅಂತ ತುರುಕಿದ್ದಾರೆ. ತುಣುಕಿನಲ್ಲಿ ಇದನ್ನು ಹುಡುಕಿ ತೋರಿಸಿ ನೋಡೋಣ.

ಹೀಗೆ ತುಂಡು ಮಾಡಿದ್ದಕ್ಕೆ ಪೈಥಾನ್ ತಂಡದವರೇ ಕೋರ್ಟಿಗೆ ಹೋಗಿದ್ದರು. 1975ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ನಾಲ್ಕನೇ ಸರಣಿಯ ಮೂರು ಎಪಿಸೋಡ್ ಸೇರಿಸಿ ಒಂದೂವರೆ ಗಂಟೆಯ ಕಾರ್ಯಕ್ರಮ ಹಾಕಿತು. ಜಾಹೀರಾತಿಗೆ ಜಾಗ ಬೇಕು, ಕೆಲವು ಮಾತು ಸರಿಯಿಲ್ಲ ಅಂತ 90 ನಿಮಿಷದಲ್ಲಿ 24 ನಿಮಿಷ ಕತ್ತರಿಸಿಬಿಟ್ಟಿತು. ಗಿಲಿಯಮ್ ಮತ್ತು ಪೇಲಿನ್ ನ್ಯೂಯಾರ್ಕಿಗೆ ಹೋಗಿ ನ್ಯಾಯಾಧೀಶರ ಮುಂದೆ ನಿಂತರು. 1976ರಲ್ಲಿ ಮೇಲ್ಮನವಿ ಕೋರ್ಟು ಇವರ ಪರವಾಗಿ ತೀರ್ಪು ಕೊಟ್ಟಿತು. ಕತ್ತರಿಸಿದ್ದು ಇನ್ನು ತಮ್ಮ ಕೆಲಸವೇ ಅಲ್ಲ ಅಂತ ಅಷ್ಟು ದೂರ ಹೋಗಿ ಹೋರಾಡಿದ್ದಾರೆ ಅವರು. ನನ್ನ ಗೆಳೆಯನಿಗೆ ತುಣುಕು ಸಾಕಂತೆ.

ಇನ್ನೂ ಹೊಟ್ಟೆ ಉರಿಯುವ ವಿಷಯ ಅಂದರೆ, ಈ 45 ಎಪಿಸೋಡ್ ಉಳಿದದ್ದೇ ದೊಡ್ಡದು. ಆಗ ವಿಡಿಯೊ ಟೇಪ್ ಬಹಳ ದುಬಾರಿ. ಬಿಬಿಸಿ ಹಳೆಯ ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ತುಂಬುತ್ತಿತ್ತು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಮಾಡಿದ ‘ನಾಟ್ ಓನ್ಲಿ ಬಟ್ ಆಲ್ಸೋ’ ಎಷ್ಟೋ ಎಪಿಸೋಡ್ ಹಾಗೇ ಹೋಯ್ತು. ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಕಂತುಗಳು ಹೋದವು. ಪೈಥಾನ್ ಟೇಪುಗಳಿಗೂ ಇದೇ ಗತಿ ಬರಲಿತ್ತು ಅಂತ ಟೆರಿ ಜೋನ್ಸ್ ಹೇಳಿಕೊಂಡಿದ್ದಾರೆ. ಅಷ್ಟರಿಂದ ಪಾರಾಗಿ, ಐವತ್ತು ವರ್ಷ ದಾಟಿ, ನನ್ನ ಕಪಾಟಿಗೆ ಬಂದು ಕೂತದ್ದು ಈಗ ಯಾರದೋ ಮಂಚದ ಕೆಳಗೆ ಧೂಳು ತಿನ್ನುತ್ತಿದೆ.

ಉಳಿದ ಡಿಸ್ಕ್‌ಗಳ ಕಥೆ ಕೇಳಿ. ಕೊಂಡ ಗಿಳಿ ಸತ್ತಿದೆ ಅಂತ ಗಿರಾಕಿ ಅಂಗಡಿಯವನ ಜೊತೆ ಜಗಳವಾಡುವ ಸ್ಕೆಚ್ ಇರುವ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದೆ. ಗುಂಡಗೆ ಸುತ್ತುವ ಸಣ್ಣ ಸಣ್ಣ ಗೀರುಗಳು. ಅಂಗಿಯ ತುದಿಯಲ್ಲಿ ಗರಗರ ಉಜ್ಜಿದ್ದಾನೆ, ಬೇರೆ ಯಾವುದರಿಂದಲೂ ಹಾಗೆ ಆಗಲ್ಲ. ಡಿಸ್ಕನ್ನು ಒರೆಸುವುದು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ, ಮೆತ್ತನೆಯ ಬಟ್ಟೆಯಲ್ಲಿ. ಯಾಕೆಂದರೆ ಮಾಹಿತಿ ಬರೆದಿರುವುದು ಸುರುಳಿಯಾಗಿ. ಅಡ್ಡಡ್ಡ ಬಿದ್ದ ಗೀರು ಆ ಸುರುಳಿಯನ್ನು ಒಂದು ಕಡೆ ಚೂರು ದಾಟುತ್ತದೆ, ಪ್ಲೇಯರ್ ಅದನ್ನು ಲೆಕ್ಕ ಹಾಕಿ ಸರಿ ಮಾಡಿಕೊಳ್ಳುತ್ತದೆ. ಸುರುಳಿಯ ಜೊತೆಗೇ ಸಾಗುವ ಗೀರು ಬಿದ್ದರೆ ಒಂದೇ ಕಡೆಯ ಮಾಹಿತಿ ಸಾಲುಸಾಲಾಗಿ ಹೋಗುತ್ತದೆ. ಆಮೇಲೆ ಪ್ಲೇಯರ್ ಕೂಡ ಏನೂ ಮಾಡಲಾಗಲ್ಲ. ಇದನ್ನು ಡಿಸ್ಕ್ ಕೊಡುವಾಗಲೇ ಅವನಿಗೆ ಹೇಳಿದ್ದೆ. ತೋರಿಸಿ ಹೇಳಿದ್ದೆ!

ಹಾಕಿ ನೋಡಿದೆ. ಕ್ಲೀಸ್ ಗಿಳಿಯನ್ನು ಪಂಜರದಿಂದ ತೆಗೆದು ಮೇಜಿಗೆ ಕುಟ್ಟಲು ಕೈ ಎತ್ತುತ್ತಾರೆ. ಅಲ್ಲಿಗೆ ಚಿತ್ರ ನಿಂತಿತು. ಮುಖ ಚೌಕ ಚೌಕವಾಗಿ ಒಡೆಯಿತು. ದನಿ ಒಂದೇ ಅಕ್ಷರದಲ್ಲಿ ಸಿಕ್ಕಿಕೊಂಡು ಗರ್ ಗರ್ ಅಂತು. ಆಮೇಲೆ ಜಿಗಿದು ಮುಂದಿನ ಸ್ಕೆಚ್‌ಗೇ ಹೋಯ್ತು. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಅಲ್ಲೇ. ರಿಮೋಟ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ. ನಿಜ ಹೇಳಬೇಕಂದರೆ ಅಳು ಬಂತು.

“ಹಾಗಾದರೆ ಆ ಒಂದು ಡಿಸ್ಕ್ ಮತ್ತೆ ಕೊಂಡುಕೋ” ಅಂತ ಇನ್ನೊಬ್ಬರ ಸಲಹೆ. ಎಲ್ಲಿ ಕೊಳ್ಳಲಿ? ಬಿಡಿ ಡಿಸ್ಕ್ ಯಾರೂ ಮಾರಲ್ಲ. ಪೂರ್ತಿ ಸೆಟ್ಟೇ ಕೊಳ್ಳಬೇಕು. ನನ್ನ ಸೆಟ್ ಈಗ ತಯಾರಾಗುತ್ತಿಲ್ಲ. 2019ರಲ್ಲಿ ಐವತ್ತು ವರ್ಷ ತುಂಬಿದಾಗ ಬ್ಲೂ-ರೇಯಲ್ಲಿ ಹೊಸದು ಬಂತು, ಆದರೆ ಅದು ನನ್ನ ಡಿವಿಡಿ ಪ್ಲೇಯರಿನಲ್ಲಿ ಓಡಲ್ಲ. ಹಳೆಯ ಸೆಟ್ ಮಾರುವವರು ಸಿಕ್ಕರೂ ಅದು ಬೇರೆ ವಲಯದ್ದಾಗಿದ್ದರೆ ಮತ್ತೆ ತಲೆನೋವು. ಡಿವಿಡಿಗೆ ಜಗತ್ತನ್ನು ವಲಯ ವಲಯವಾಗಿ ಹಂಚಿದ್ದಾರಲ್ಲ, ಒಂದು ಕಡೆಯದು ಇನ್ನೊಂದು ಕಡೆಯ ಪ್ಲೇಯರಿನಲ್ಲಿ ಬಾಯೇ ಬಿಡಲ್ಲ. ಒಂದು ಡಿಸ್ಕ್‌ಗಾಗಿ ಇನ್ನೊಂದು ಇಡೀ ಡಬ್ಬಿ ಕೊಳ್ಳಬೇಕು, ಅದೂ ನಾನು ಕಳೆಯದ ಡಿಸ್ಕ್‌ಗಾಗಿ!

ಸ್ಟ್ರೀಮಿಂಗ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ಅಲ್ಲಿ ಇವತ್ತು ಇದ್ದದ್ದು ನಾಳೆ ಇರಲ್ಲ. ಹೇಳದೆ ಕೇಳದೆ ತೆಗೆದುಹಾಕುತ್ತಾರೆ. ಅದಕ್ಕೆಂದೇ ಅಲ್ವಾ ನಾನು ಡಬ್ಬಿ ಕೊಂಡದ್ದು? ಕಪಾಟಿನಲ್ಲಿದ್ದರೆ ಯಾರೂ ಕಿತ್ತುಕೊಳ್ಳಲ್ಲ ಅನ್ನುವ ಧೈರ್ಯಕ್ಕೆ. ಕಿತ್ತುಕೊಂಡದ್ದು ಗೆಳೆಯ.

ಸೆಟ್ ಅಂದರೆ ಏನು ಅಂತ ಇವರಿಗೆ ಯಾರು ತಿಳಿಸಬೇಕು? ಪೂರ್ತಿ ಇದ್ದರೆ ಅದು ಸೆಟ್. ಒಂದು ಹೋದರೆ ಉಳಿದದ್ದು ಬರೀ ಒಂದಿಷ್ಟು ಡಿಸ್ಕ್. ಡಬ್ಬಿಯ ಮೇಲೆ ‘ಸಂಪೂರ್ಣ’ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಈಗ ಅದನ್ನು ಓದಿದಾಗಲೆಲ್ಲ ಗಾಯಕ್ಕೆ ಉಪ್ಪು ಸವರಿದ ಹಾಗೆ ಆಗುತ್ತದೆ. ಮೊದಲನೇ ಸರಣಿಯಿಂದ ನೋಡುತ್ತಾ ಬಂದು ಎರಡನೆಯದರ ಬಾಗಿಲಲ್ಲೇ ನಿಲ್ಲಬೇಕು. ಇನ್ಮೇಲೆ ಸರದಿಯಲ್ಲಿ ನೋಡುವ ಹಾಗೇ ಇಲ್ಲ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೇಳಲು ಹೋದವನೇ ತಪ್ಪು ಮಾಡಿದ ಹಾಗೆ ಮಾತಾಡುತ್ತಾರೆ. “ಇಷ್ಟು ಚಿಕ್ಕ ವಿಷಯಕ್ಕೆ ಯಾಕಿಷ್ಟು ಸಿಟ್ಟು” ಅಂತ ನನ್ನನ್ನೇ ಕೇಳುತ್ತಾರೆ. ಸಾಲ ಪಡೆದ ದುಡ್ಡಿನಲ್ಲಿ ಒಂದು ನೋಟು ಕಡಿಮೆ ಕೊಟ್ಟರೆ ಇದೇ ಜನ ಮೌನವಾಗಿರುತ್ತಾರಾ? ಪುಸ್ತಕ, ಡಿಸ್ಕ್, ಕ್ಯಾಸೆಟ್ ಅಂದರೆ ಮಾತ್ರ ಅದು ಸಾಲ ಅಂತ ಯಾರಿಗೂ ಅನ್ನಿಸಲ್ಲ. ಕೊಟ್ಟವನು ಕೇಳಿದರೆ ಜಿಪುಣ. ಅವನ ಸಂತೋಷಕ್ಕೆ ಬೆಲೆಯೇ ಇಲ್ಲ.

ನಾನು ಅವನಿಗೆ ಅದನ್ನು ಕೊಟ್ಟದ್ದು ಯಾಕೆ ಗೊತ್ತಾ? ನನ್ನ ಹಾಗೆ ಅವನೂ ನಗಲಿ ಅಂತ. ಆಮೇಲೆ ಇಬ್ಬರೂ ಕೂತು ಮಾತಾಡಬಹುದು ಅಂತ. ಎಷ್ಟು ಎಪಿಸೋಡ್ ನೋಡಿದೆ ಅಂತ ಫೋನಿನಲ್ಲೇ ಕೇಳಿದೆ. “ಎರಡೋ ಮೂರೋ, ಆಮೇಲೆ ಟೈಮ್ ಸಿಗಲಿಲ್ಲ” ಅಂದ. ಎಂಟು ತಿಂಗಳಲ್ಲಿ ಎರಡೋ ಮೂರೋ.

ಇದನ್ನು ನೀನು ಓದುತ್ತೀಯ ಅಂತ ಗೊತ್ತು. ಯೂಟ್ಯೂಬ್ ಲಿಂಕ್ ಕಳಿಸಬೇಡ, ನಗುವ ಇಮೋಜಿ ಕಳಿಸಬೇಡ. ಎದ್ದು ಹುಡುಕು. ಟಿವಿ ಹಿಂದೆ ನೋಡು. ನಿನ್ನ ಹಳೆಯ ಪ್ಲೇಯರಿನ ಟ್ರೇ ತೆರೆದು ನೋಡು, ಅದರೊಳಗೇ ಬಿಟ್ಟಿರಬಹುದು. ಬೇರೆ ಸಿನಿಮಾಗಳ ಕವರಿನೊಳಗೆ ಒಂದೊಂದಾಗಿ ನೋಡು. ಕಾರಿನಲ್ಲಿ ನೋಡು. ಸಿಕ್ಕರೆ ಅಂಚು ಹಿಡಿದು ಎತ್ತು, ಒರೆಸಲು ಹೋಗಬೇಡ. ಹಾಗೇ ತಂದುಕೊಡು.