ಕಬ್ಬಿಣ ಹೊರಗೆ ಹೋಗಲ್ಲ

ಕೆಂಪು ರಕ್ತಕಣಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಹಳೆಯ ಕೆಂಪು ರಕ್ತಕಣಗಳ ಜತೆ ಅವುಗಳ ಕಬ್ಬಿಣವೂ ದೇಹದಿಂದ ಹೊರಹೋಗುತ್ತದೆ ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಒಂದು ಕಣ ಸುಮಾರು 120 ದಿನ ಬದುಕುತ್ತದೆ. ಆಮೇಲೆ ಗುಲ್ಮ (ಸ್ಪ್ಲೀನ್) ಮತ್ತು ಲಿವರ್‌ನಲ್ಲಿರುವ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಜೀವಕೋಶಗಳು ಅದನ್ನು ನುಂಗುತ್ತವೆ. ಕಬ್ಬಿಣ ಮೂಳೆಮಜ್ಜೆಗೆ ಮರಳಿ ಹೊಸ ಕಣಗಳಿಗೆ ಬಳಕೆಯಾಗುತ್ತದೆ. ದಿನಕ್ಕೆ 20-25 ಮಿಲಿಗ್ರಾಂ ಹೀಗೆ ವಾಪಸ್ ಸಿಗುತ್ತದೆ. ಊಟದಿಂದ ದೇಹ ಹೀರಿಕೊಳ್ಳುವುದು 1-2 ಮಿಲಿಗ್ರಾಂ ಅಷ್ಟೇ. ಹೊರಹೋಗುವುದು ಕಣದ ಬಣ್ಣದ ಭಾಗ: ಮೊದಲು ಹಸಿರು ಬಿಲಿವರ್ಡಿನ್, ಆಮೇಲೆ ಹಳದಿ ಬಿಲಿರುಬಿನ್. ಪೆಟ್ಟು ಬಿದ್ದು ನೀಲಿಗಟ್ಟಿದ ಜಾಗ ಹಸಿರು, ಹಳದಿ ಆಗುವುದೂ ಇದರಿಂದಲೇ.

ಕಣಗಳು ರಕ್ತನಾಳದೊಳಗೇ ಒಡೆದರೆ ಏನಾಗುತ್ತದೆ ಅನ್ನೋದೂ ಲೇಖನದಲ್ಲಿ ಇರಬೇಕಿತ್ತು. ನಾನು ಗದಗದಲ್ಲಿ ಲ್ಯಾಬ್ ಕೆಲಸ ಮಾಡುವವಳು. ರಕ್ತವನ್ನು ಜೋರಾಗಿ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ತೆಗೆದ ಟ್ಯೂಬಿನಲ್ಲಿ ಮೇಲೆ ನಿಲ್ಲುವ ಸೀರಂ, ಅಂದರೆ ರಕ್ತದ ದ್ರವಭಾಗ, ತಿಳಿ ಹಳದಿ ಇರಬೇಕು. ಒಮ್ಮೊಮ್ಮೆ ಕೆಂಪಗೆ ಬರುತ್ತದೆ. ಹೆಚ್ಚಿನ ಸಲ ರಕ್ತ ತೆಗೆಯುವಾಗ ಕಣ ಒಡೆದಿರುತ್ತವೆ, ಹಾಗಾಗಿ ಮತ್ತೊಮ್ಮೆ ತೆಗೆಯುತ್ತೇವೆ. ಆಗಲೂ ಕೆಂಪಿದ್ದರೆ ಕಣಗಳು ದೇಹದೊಳಗೇ ಒಡೆಯುತ್ತಿರಬಹುದು, ಡಾಕ್ಟರಿಗೆ ತಕ್ಷಣ ಫೋನ್ ಮಾಡಲೇಬೇಕು.

ಒಡೆದ ಕಣಗಳಿಂದ ಬಿಡಿಯಾದ ಹಿಮೋಗ್ಲೋಬಿನ್ (ಕಣದೊಳಗಿನ ಕಬ್ಬಿಣವಿರುವ ಕೆಂಪು ಪ್ರೋಟೀನ್) ಅನ್ನು ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಅದು ಖಾಲಿಯಾದರೆ ಹಿಮೋಗ್ಲೋಬಿನ್ ಕಿಡ್ನಿಗೆ ಇಳಿದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆ ಇದನ್ನು ಉಷ್ಣ ಅಂದುಕೊಂಡು ಮಜ್ಜಿಗೆ, ಎಳನೀರು ಕುಡಿದು ಸುಮ್ನೆ ಕಾಯುವವರು ಜಾಸ್ತಿ. ದಯವಿಟ್ಟು ಕಾಯಬೇಡಿ. ಅದೇ ದಿನ ತೋರಿಸಿ, ಯಾವ ಮಾತ್ರೆ ತಗೊಂಡಿದ್ದೀರಿ ಅಂತಲೂ ಹೇಳಿ. ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯಿಂದಲೇ ಹೀಗಾಗಬಹುದು.