ಆಗಿಹೋದ ಸಾವಿಗೆ ಮನೆಯವರ ಒಪ್ಪಿಗೆ ಕೇಳಬೇಡಿ

ಐಸಿಯುವಿನಲ್ಲಿ ಮಲಗಿರುವ ವ್ಯಕ್ತಿಯ ಮೆದುಳು ಸತ್ತಿದೆ ಎಂದು ಪರೀಕ್ಷೆಗಳಿಂದ ಖಚಿತವಾದ ಮೇಲೆ ವೈದ್ಯರು ಹೊರಗೆ ಬಂದು, ಮನೆಯವರನ್ನು ಕೂರಿಸಿಕೊಂಡು, "ಈಗ ಏನು ಮಾಡೋಣ ಹೇಳಿ, ವೆಂಟಿಲೇಟರ್ ತೆಗೆಯೋಣವೇ, ಮುಂದುವರಿಸೋಣವೇ?" ಎಂದು ಕೇಳುತ್ತಾರೆ. ಕರುಣೆಯಿಂದಲೇ ಕೇಳುವ ಈ ಪ್ರಶ್ನೆ ಎಷ್ಟೋ ಜಗಳಗಳಿಗೆ ಮೂಲವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಕೇಳಿದ ಗಳಿಗೆಯಿಂದ, ಆಗಿಹೋಗಿರುವ ಸಾವು ಇನ್ನು ಮುಂದೆ ಆಗಬೇಕಾದ ಸಾವಿನಂತೆ ಕಾಣತೊಡಗುತ್ತದೆ, ಅದಕ್ಕೆ ಹೂಂ ಎನ್ನಬೇಕಾದ ಹೊರೆ ಮಗನ ಮೇಲೋ ಹೆಂಡತಿಯ ಮೇಲೋ ಬೀಳುತ್ತದೆ.

ಮೆದುಳು ಸತ್ತ ದೇಹ ಸತ್ತಂತೆ ಕಾಣುವುದಿಲ್ಲ ಎನ್ನುವುದೇ ಇಲ್ಲಿನ ದೊಡ್ಡ ಕಷ್ಟ. ಹೃದಯ ಮಿಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಮಿಡಿತವನ್ನು ಹುಟ್ಟಿಸುವ ಜೀವಕೋಶಗಳ ಗುಂಪೊಂದು ಹೃದಯದ ಗೋಡೆಯಲ್ಲೇ ಇದೆ, ಆಮ್ಲಜನಕ ಸಿಗುತ್ತಿರುವವರೆಗೂ ಅದು ತನ್ನ ಪಾಡಿಗೆ ತಾನು ಕೆಲಸ ಮಾಡಬಲ್ಲದು. ಉಸಿರಾಟ ಹಾಗಲ್ಲ. ಪ್ರತಿಯೊಂದು ಉಸಿರಿಗೂ ಮೆದುಳುಕಾಂಡದಿಂದ, ಅಂದರೆ ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಬುಡದ ಭಾಗದಿಂದ, ಸೂಚನೆ ಬರಲೇಬೇಕು. ಆ ಕಾಂಡ ನಾಶವಾದರೆ ಉಸಿರು ನಿಂತು, ಅದರ ಹಿಂದೆಯೇ ಹೃದಯವೂ ನಿಲ್ಲುವುದು ಮನುಷ್ಯ ಹುಟ್ಟಿದಾಗಿನಿಂದ ನಡೆದುಬಂದ ಕ್ರಮ. ವೆಂಟಿಲೇಟರ್ ಬಂದ ಮೇಲೆ ಈ ಎರಡರ ನಡುವೆ ಗಂಟೆಗಳ, ದಿನಗಳ ಅಂತರ ಹುಟ್ಟಿಕೊಂಡಿತು. ಎದೆ ಏರಿಳಿಯುತ್ತಿರುತ್ತದೆ, ಅಂಗೈ ಬೆಚ್ಚಗಿರುತ್ತದೆ, ಮೂತ್ರದ ಚೀಲ ತುಂಬುತ್ತಿರುತ್ತದೆ. ಇದನ್ನೆಲ್ಲ ನೋಡುತ್ತ ಕುಳಿತ ತಾಯಿಗೆ ನಿಮ್ಮ ಮಗ ಇಲ್ಲ ಎಂದು ಹೇಳಿದಾಗ ಆಕೆ ನಂಬದಿದ್ದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ.

ಈ ಸ್ಥಿತಿಯನ್ನು 1959ರಲ್ಲಿ ಪ್ಯಾರಿಸ್‌ನ ಮೊಲ್ಲಾರೆ ಮತ್ತು ಗೂಲೋನ್ ಎಂಬ ವೈದ್ಯರು, ಕೋಮಾವನ್ನೂ ಮೀರಿದ್ದು ಎಂದು ವಿವರಿಸಿದರು. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ಮರುವರ್ಷವೇ ಹೆನ್ರಿ ಬೀಚರ್ ಎಂಬ ವೈದ್ಯರ ನೇತೃತ್ವದಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿ, ಮೆದುಳಿನ ಕೆಲಸ ಶಾಶ್ವತವಾಗಿ ನಿಂತಿರುವುದನ್ನು ಸಾವೆಂದು ಪರಿಗಣಿಸಬೇಕು ಎಂದಿತು. ತನ್ನ ವರದಿಯಲ್ಲಿ ಅದು ಕೊಟ್ಟ ಕಾರಣಗಳಲ್ಲಿ ಕಸಿಗಾಗಿ ಅಂಗಾಂಗ ಪಡೆಯುವಾಗ ಏಳುವ ವಿವಾದವೂ ಒಂದು. ಆದ್ದರಿಂದ "ಅಂಗಾಂಗಕ್ಕಾಗಿಯೇ ಬೇಗ ಸತ್ತರೆಂದು ಹೇಳುತ್ತಿದ್ದಾರೆ" ಎಂಬ ಅನುಮಾನ ಮನೆಯವರಲ್ಲಿ ಬಂದರೆ ಅದು ತಲೆಬುಡವಿಲ್ಲದ್ದೆಂದು ನಾನು ಹೇಳಲಾರೆ. ಆ ಅನುಮಾನಕ್ಕೆ ಚರಿತ್ರೆಯಲ್ಲಿ ಬೇರಿದೆ. ಸಾವನ್ನು ಘೋಷಿಸುವ ವೈದ್ಯರು ಕಸಿ ಮಾಡುವ ತಂಡದಲ್ಲಿ ಇರಬಾರದೆಂದು ಅನೇಕ ದೇಶಗಳ ನಿಯಮಗಳು ಹೇಳುವುದು ಇದಕ್ಕಾಗಿಯೇ. ಅಂಗಾಂಗ ದಾನವನ್ನು ನಾನು ಮನಸಾರೆ ಗೌರವಿಸುತ್ತೇನೆ. ಹಾಗಿದ್ದೂ, ಸಾವಿನ ಸುದ್ದಿ ಮನಸ್ಸಿಗೆ ಇಳಿಯುವ ಮೊದಲೇ, ಅದೇ ಮಾತಿನ ಓಟದಲ್ಲಿ ದಾನದ ಪ್ರಸ್ತಾಪ ಬಂದರೆ ಎರಡೂ ಕೆಡುತ್ತವೆ.

ಇನ್ನೊಂದು ಗೊಂದಲವನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ವೆಂಟಿಲೇಟರ್ ಕುರಿತ ವಿವಾದಗಳೆಲ್ಲ ಒಂದೇ ಬಗೆಯವಲ್ಲ. 1976ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಕ್ಯಾರೆನ್ ಆನ್ ಕ್ವಿನ್ಲಾನ್ ಎಂಬ ಯುವತಿಯ ವೆಂಟಿಲೇಟರ್ ತೆಗೆಸಲು ಆಕೆಯ ತಂದೆಗೆ ದಾರಿ ಮಾಡಿಕೊಟ್ಟಿತು. ಯಂತ್ರ ತೆಗೆದ ಮೇಲೆ ಆಕೆ ತಾನಾಗಿ ಉಸಿರಾಡುತ್ತ, ಪ್ರಜ್ಞೆ ಮರಳದೆ, 1985ರವರೆಗೆ ಬದುಕಿದ್ದರು. ಆಕೆಯ ಮೆದುಳುಕಾಂಡ ಸತ್ತಿರಲಿಲ್ಲ. ಅಂಥ ರೋಗಿ ಬದುಕಿರುವ ವ್ಯಕ್ತಿ. ಅಲ್ಲಿ ಚಿಕಿತ್ಸೆ ಮುಂದುವರಿಸಬೇಕೇ ಬೇಡವೇ ಎನ್ನುವುದು ನಿಜವಾದ ಪ್ರಶ್ನೆ, ರೋಗಿಯ ಇಷ್ಟವೇನಿತ್ತೆಂದು ಮನೆಯವರನ್ನು ಕೇಳಲೇಬೇಕು, ಬೇಕಿದ್ದರೆ ವಾರಗಟ್ಟಲೆ ಚರ್ಚಿಸಬೇಕು. ಮೆದುಳು ಸಾವಿನಲ್ಲಿ ಆ ಪ್ರಶ್ನೆಯೇ ಉಳಿದಿರುವುದಿಲ್ಲ. ಎರಡಕ್ಕೂ ಒಂದೇ ಮಾತು, ಒಂದೇ ಒಪ್ಪಿಗೆ ಪತ್ರ ಬಳಸುವುದರಿಂದಲೇ, "ಹತ್ತು ವರ್ಷ ಕೋಮಾದಲ್ಲಿದ್ದವರು ಎದ್ದು ಕುಳಿತಿದ್ದಾರಂತೆ" ಎಂಬ ಆಸೆ ಇಲ್ಲಿಗೂ ಹರಿದುಬರುತ್ತದೆ.

ಆ ಸಹಿ ಒಂದು ಕುಟುಂಬವನ್ನು ಏನು ಮಾಡಬಲ್ಲದು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸೋದರಮಾವನ ಹಿರಿಯ ಮಗನಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವನ ತಮ್ಮನ ಮುಂದೆ ಕಾಗದ ಇಟ್ಟರು. ತಂಗಿ ದೂರದಿಂದ ಬರುವವಳಿದ್ದಳು. ಅವಳು ಬಂದಾಗ ಅಣ್ಣನ ಕೈಬೆರಳುಗಳು ಸಣ್ಣಗೆ ಅದುರಿದವು, ಅದನ್ನು ಅವಳು ನೋಡಿದಳು, ಅಷ್ಟರಲ್ಲಿ ಸಹಿ ಆಗಿಹೋಗಿತ್ತು. "ನೀನು ಹೂಂ ಅನ್ನದಿದ್ದರೆ ಅಣ್ಣ ಇನ್ನೂ ಇರುತ್ತಿದ್ದ ಕಣೋ" ಎಂದು ಅವಳು ಅಂದ ಮಾತಿನ ನಂತರ ಆ ಇಬ್ಬರ ನಡುವೆ ಮಾತಿಲ್ಲ. ಮೆದುಳು ಸತ್ತ ಮೇಲೂ ಬೆನ್ನುಹುರಿ ತನ್ನಷ್ಟಕ್ಕೆ ಇಂಥ ಚಲನೆಗಳನ್ನು ಹುಟ್ಟಿಸುತ್ತದೆ. ಬೆರಳು ಅದುರಬಹುದು, ಕೆಲವೊಮ್ಮೆ ಎರಡೂ ತೋಳುಗಳು ಮೇಲೆದ್ದು ಎದೆಯ ಮೇಲೆ ಬರುವುದೂ ಉಂಟು. ಹಾಸಿಗೆಯ ಹತ್ತಿರ ಹೋಗುವ ಮೊದಲೇ ಯಾರಾದರೂ ಇದನ್ನು ಅವಳಿಗೆ ಹೇಳಬೇಕಿತ್ತು. ತಡವಾಗಿ ಬಂದವರೇ ಹೆಚ್ಚು ಗಲಾಟೆ ಮಾಡುತ್ತಾರೆ ಎಂದು ಆಸ್ಪತ್ರೆಯವರು ಬೇಸರಪಡುತ್ತಾರೆ, ಆದರೆ ಉಳಿದವರು ದಿನಗಟ್ಟಲೆ ಹಂತಹಂತವಾಗಿ ನುಂಗಿಕೊಂಡ ಸತ್ಯವನ್ನು ಬಂದವರು ಒಂದೇ ಗುಟುಕಿಗೆ ನುಂಗಬೇಕಾಗಿರುತ್ತದೆ ಎಂಬುದನ್ನು ಯೋಚಿಸುವುದಿಲ್ಲ.

ಹಾಗಾದರೆ ನಂಬಿಕೆ ಹುಟ್ಟುವುದು ಹೇಗೆ? ಪರೀಕ್ಷೆಯ ಹೊತ್ತಿಗೆ ಮನೆಯವರಲ್ಲಿ ಒಬ್ಬಿಬ್ಬರನ್ನು ಒಳಗೆ ಕರೆಯಬೇಕು. ಮೈ ತಣ್ಣಗಾಗಿಲ್ಲ, ರಕ್ತದಲ್ಲಿ ನಿದ್ರೆಯ ಔಷಧಿ ಉಳಿದಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಕಣ್ಣಿಗೆ ಬೆಳಕು ಬಿಡುತ್ತಾರೆ, ಪಾಪೆ ಕಿರಿದಾಗುವುದಿಲ್ಲ. ಕಣ್ಣುಗುಡ್ಡೆಗೆ ಹತ್ತಿ ತಾಗಿಸುತ್ತಾರೆ, ರೆಪ್ಪೆ ಮಿಟುಕುವುದಿಲ್ಲ. ಕಿವಿಯೊಳಗೆ ಮಂಜಿನಷ್ಟು ತಣ್ಣನೆಯ ನೀರು ಬಿಟ್ಟರೂ ಕಣ್ಣು ಹೊರಳುವುದಿಲ್ಲ. ಕೊನೆಯಲ್ಲಿ ಉಸಿರಿನ ಪರೀಕ್ಷೆ: ಮೊದಲು ಶುದ್ಧ ಆಮ್ಲಜನಕ ತುಂಬಿ, ವೆಂಟಿಲೇಟರ್ ಬಿಡಿಸಿ, ತೆಳುವಾದ ಕೊಳವೆಯಲ್ಲಿ ಆಮ್ಲಜನಕ ಹರಿಸುತ್ತ, ಹೊದಿಕೆ ಸರಿಸಿ, ಎದೆ ಮತ್ತು ಹೊಟ್ಟೆಯನ್ನೇ ಎಂಟು ಹತ್ತು ನಿಮಿಷ ನೋಡುತ್ತ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60 ಮಿಲಿಮೀಟರ್ ಪಾದರಸದ ಮಟ್ಟ ಮುಟ್ಟಿದರೂ ಒಂದು ಉಸಿರೂ ಬರುವುದಿಲ್ಲ. ಕಾಂಡದಲ್ಲಿ ಜೀವವಿದ್ದರೆ ಎದೆ ಏದುಸಿರಿಡಲೇಬೇಕಿತ್ತು. ಆ ನಿಮಿಷಗಳಲ್ಲಿ ಅಲ್ಲಿ ನಿಂತವರಿಗೆ, ಇಷ್ಟು ಹೊತ್ತು ಉಸಿರಾಡುತ್ತಿದ್ದದ್ದು ಯಂತ್ರ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಇದು ಕ್ರೌರ್ಯವಾಗುತ್ತದೆಂದು ಹೆದರುವವರಿದ್ದಾರೆ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಪರೀಕ್ಷೆಯ ವೇಳೆ ಹಾಜರಿದ್ದ ಕುಟುಂಬದವರಿಗೆ ಮೆದುಳು ಸಾವು ಹೆಚ್ಚು ಚೆನ್ನಾಗಿ ಅರ್ಥವಾಗಿತ್ತು, ಅವರ ಮನಸ್ಸಿಗೆ ಅದರಿಂದ ಹೆಚ್ಚಿನ ಪೆಟ್ಟು ಬಿದ್ದಿದ್ದು ಕಾಣಲಿಲ್ಲ. ನೋಡಲಾರೆ ಎನ್ನುವವರನ್ನು ಒತ್ತಾಯಿಸಬೇಕಿಲ್ಲ, ನೋಡುತ್ತೇನೆ ಎನ್ನುವವರ ಮುಖಕ್ಕೆ ಬಾಗಿಲು ಹಾಕಬಾರದು.

ಕ್ಯಾಲಿಫೋರ್ನಿಯಾದ ಜಹಾಯ್ ಮ್ಯಾಕ್‌ಮ್ಯಾತ್ ಎಂಬ 13 ವರ್ಷದ ಬಾಲಕಿಯ ಪ್ರಕರಣ ನನ್ನ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ರಕ್ತಸ್ರಾವವಾಗಿ ಆಕೆಯ ಮೆದುಳು ಸತ್ತಿದೆ ಎಂದು ಘೋಷಿಸಿದರು. ನ್ಯಾಯಾಲಯ ನೇಮಿಸಿದ ತಜ್ಞರೂ ಅದನ್ನೇ ಹೇಳಿದರು. ತಾಯಿ ಒಪ್ಪಲಿಲ್ಲ. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಮೆದುಳು ಸಾವನ್ನು ನಿರಾಕರಿಸಲು 1991ರಿಂದ ಕಾನೂನಿನಲ್ಲೇ ಅವಕಾಶವಿರುವ ನ್ಯೂಜೆರ್ಸಿಗೆ ಮಗಳನ್ನು ಸಾಗಿಸಿದರು. ಅಲ್ಲಿ ಆ ದೇಹ 2018ರ ಜೂನ್‌ವರೆಗೆ ಉಳಿಯಿತು, ಬೆಳೆಯಿತು. ಆಕೆ ಮೆದುಳು ಸಾವಿನ ಮಾನದಂಡಕ್ಕೆ ಮುಂದೆಯೂ ಒಳಪಡುತ್ತಿದ್ದಳೇ ಎಂದು ಪ್ರಶ್ನಿಸಿದ ನರವಿಜ್ಞಾನಿಯೂ ಇದ್ದಾರೆ. ಈ ಪ್ರಶ್ನೆಯನ್ನು ಮುಚ್ಚಿಡುವುದರಿಂದ ವಿಜ್ಞಾನದ ಘನತೆ ಹೆಚ್ಚುವುದಿಲ್ಲ. ಆದರೆ ಆ ತಾಯಿಯ ಹೋರಾಟ ಮೊದಲಾದದ್ದು ಮೆದುಳಿನ ಬಗ್ಗೆ ಅಲ್ಲ. ಮಗಳಿಗೆ ರಕ್ತ ಸೋರುತ್ತಿದ್ದಾಗ ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ನೋವಿನಿಂದ. ಅದೇ ಚಳಿಗಾಲದಲ್ಲಿ ಟೆಕ್ಸಾಸ್‌ನಲ್ಲಿ ಮಾರ್ಲೀಸ್ ಮುನ್ಯೋಸ್ ಎಂಬ ಗರ್ಭಿಣಿಯ ಮೆದುಳು ಸತ್ತಾಗ ಎಲ್ಲವೂ ತಿರುಗುಮುರುಗಾಗಿತ್ತು: ಯಂತ್ರ ತೆಗೆಯಿರಿ ಎಂದು ಗಂಡ ಬೇಡಿಕೊಂಡರೂ ಆಸ್ಪತ್ರೆ ಗರ್ಭದ ಕಾರಣ ಹೇಳಿ ಒಪ್ಪದೆ, ಕೊನೆಗೆ 2014ರ ಜನವರಿಯಲ್ಲಿ ನ್ಯಾಯಾಧೀಶರು ಆದೇಶಿಸಬೇಕಾಯಿತು. ಕುಟುಂಬ ಸದಾ ಹಟಮಾರಿ, ವೈದ್ಯರು ಸದಾ ವಿವೇಕಿಗಳು ಎಂಬ ಚಿತ್ರ ಸರಿಯಲ್ಲ.

ಕಾನೂನೂ ಸ್ಪಷ್ಟವಾಗಿರಬೇಕು. ಭಾರತದಲ್ಲಿ ಮೆದುಳುಕಾಂಡದ ಮರಣದ ವಿವರಣೆ ಇರುವುದು 1994ರ ಅಂಗಾಂಗ ಕಸಿ ಕಾಯ್ದೆಯ ಒಳಗೆ. ನಾಲ್ವರು ವೈದ್ಯರು, ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ಎಂಬ ಕ್ರಮವೂ ಅದರ ಚೌಕಟ್ಟಿನಲ್ಲೇ ಇದೆ. ಹೀಗಾಗಿ ದಾನಕ್ಕೆ ಒಪ್ಪದ ಕುಟುಂಬದ ವಿಷಯದಲ್ಲಿ ಏನು ಮಾಡಬೇಕೆಂಬ ಅಳುಕು ವೈದ್ಯರಲ್ಲಿ ಉಳಿದುಬಿಡುತ್ತದೆ, ಆ ಅಳುಕೇ ಕಾಗದವಾಗಿ ಮನೆಯವರ ಮುಂದೆ ಬರುತ್ತದೆ.

ಸಾವು ಆಗಿದೆ ಎಂದು ವೈದ್ಯರೇ ಹೇಳಲಿ, ಹೇಳಿದ ಮೇಲೆ ಒಪ್ಪಿಗೆ ಕೇಳದಿರಲಿ, ಆದರೆ ಸಮಯ ಕೊಡಲಿ. ದೂರದಿಂದ ಬರಬೇಕಾದವರು ಯಾರಿದ್ದಾರೆ ಎಂದು ವಿಚಾರಿಸಿ, ನಾಳೆ ಇಷ್ಟು ಗಂಟೆಯವರೆಗೆ ಕಾಯುತ್ತೇವೆ ಎಂದು ಗೊತ್ತುಮಾಡಿ ತಿಳಿಸಲಿ. ಯಂತ್ರ ತೆಗೆದ ಮೇಲೂ ಹೃದಯ ಕೆಲವು ನಿಮಿಷ ಮಿಡಿಯಬಹುದು, ಕೈಕಾಲು ಅಲುಗಬಹುದು ಎಂಬುದನ್ನು ಮುಂಚಿತವಾಗಿಯೇ ವಿವರಿಸಲಿ. ಮರಣದ ಸಮಯವಾಗಿ ದಾಖಲಾಗಬೇಕಾದದ್ದು ಪರೀಕ್ಷೆ ಪೂರ್ಣಗೊಂಡ ಸಮಯ, ಯಂತ್ರ ನಿಲ್ಲಿಸಿದ ಸಮಯವಲ್ಲ. ವೆಂಟಿಲೇಟರ್‌ಗೆ ಯಾರೂ ಕೈ ಹಾಕುವ ಮುನ್ನವೇ ಆ ದಾಖಲೆಯನ್ನು ಮನೆಯವರೆಲ್ಲರಿಗೂ ತೋರಿಸಿ ಓದಿ ಹೇಳುವುದು ಕಡ್ಡಾಯವಾಗಬೇಕು.