ರಗಸದಅ

ಏಪ್ರಿಲ್, ಮೇ ಎರಡು ತಿಂಗಳು ಕೂತು ಮಗಳಿಗೆ ಅ ಆ ಇ ಈ ತಿದ್ದಿಸಿದ್ದೆ. ಒಂದನೇ ಕ್ಲಾಸಿಗೆ ಹೋಗುವ ಹುಡುಗಿ, ಅಪ್ಪನ ಮರ್ಯಾದೆ ಉಳಿಸಬೇಕಲ್ಲ. ಜಗಲಿಯ ಮೇಲೆ ಮರಳು ಹರಡಿ, ಬೆರಳು ಹಿಡಿದು, ಅಂತೂ ‘ಋ’ವರೆಗೆ ಎಳೆದು ತಂದಿದ್ದೆ. ‘ಋ’ ಹೇಗೆ ಸುತ್ತಬೇಕು ಅನ್ನುವುದರಲ್ಲಿ ನನಗೂ ಅವಳಿಗೂ ಒಂದು ವಾರ ಜಗಳ. ನಿಜ ಹೇಳಬೇಕೆಂದರೆ ನನಗೂ ಸರಿಯಾಗಿ ನೆನಪಿರಲಿಲ್ಲ.

ಜೂನ್ ಬಂತು. ನಮ್ಮ ತೀರ್ಥಹಳ್ಳಿ ಕಡೆ ಶಾಲೆ ಶುರುವಾಗುವುದೂ ಮೃಗಶಿರ ಮಳೆ ಹಿಡಿಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಶಾಲೆಗೆ ಹೋದ ಮೂರನೇ ದಿನ ಮಗಳು ಸ್ಲೇಟು ತಂದು ಮುಂದೆ ಹಿಡಿದಳು. ರ ಗ ಸ ದ ಅ.

“ಅ ಯಾಕೆ ಐದನೇದು?”

“ಟೀಚರ್ ಹಾಗೇ ಹೇಳಿದ್ದು.”

“ಮತ್ತೆ ಆ ಎಲ್ಲಿ?”

“ಅದು ಆಮೇಲೆ ಬರುತ್ತೆ ಅಪ್ಪ.”

ನನ್ನ ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. “ಪಾಪ, ಆ ಟೀಚರಮ್ಮನಿಗೆ ಅಕ್ಷರ ಕಲಸುಮೇಲೋಗರ ಆಗಿದೆ. ನೀನೇ ಹೋಗಿ ಹೇಳಿ ಬಾ.”

ಹೋದೆ. ಒದ್ದೆ ಕೊಡೆ ಹಿಡಿದು ಜೋರಾಗಿಯೇ ಒಳಗೆ ನುಗ್ಗಿದೆ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಗೋಡೆಯ ಬುಡದಲ್ಲಿ ಅವರ ಎತ್ತರಕ್ಕೇ ಕಪ್ಪು ಹಲಗೆ. ಮೇಲೆ ದಾರ ಕಟ್ಟಿ ಚಿತ್ರ ಇಳಿಬಿಟ್ಟ ಚಪ್ಪರ. ಅದೂ ಮಕ್ಕಳಿಗೆ ಕಾಣುವಷ್ಟು ತಗ್ಗಿನಲ್ಲಿ ಅಂತ ನನಗೆ ಗೊತ್ತಾಗಿದ್ದು ದಾರ ಕತ್ತಿಗೆ ಸಿಕ್ಕಿಕೊಂಡ ಮೇಲೆ. ಒಂದು ಮಾವಿನಹಣ್ಣು, ಎರಡು ಕಾಗದದ ಮೀನು ಕೊಡೆಯೊಳಗೆ ಬಿದ್ದವು. “ಹತ್ತುಮೀನು ಸಿಕ್ತು!” ಎಂದು ಒಬ್ಬ ಹುಡುಗ ಕೂಗಿದ, ಹೊಸ ಮಳೆಗೆ ಹಳ್ಳ ಹತ್ತಿ ಬರುವ ಮೀನು ಹಿಡಿದವರ ಹಾಗೆ. ಇಡೀ ಕ್ಲಾಸು ಎದ್ದು ಕುಣಿಯಿತು.

ಟೀಚರ್ ಬೈಯಲಿಲ್ಲ. ನೆಲ ತೋರಿಸಿ ಕೂರಿಸಿದರು, ಕೈಗೆ ಸೀಮೆಸುಣ್ಣ ಕೊಟ್ಟರು. “ಅ ಆ ಇ ಈ ಉ. ಇಷ್ಟರಲ್ಲೇ ಒಂದು ಪದ ಬರೀರಿ ಸಾರ್, ನೋಡೋಣ.”

‘ಆ’ ಬರೆದೆ. ಅಳಿಸಿ ‘ಈ’ ಬರೆದೆ. ಎರಡನ್ನೂ ಸೇರಿಸಿದರೆ ಹಲ್ಲುನೋವು ಬಂದವರ ಹಾಗೆ ಕೇಳಿಸಿತು.

ಟೀಚರ್ ನನ್ನ ಮಗಳ ಕಡೆ ನೋಡಿದರು, ಅಷ್ಟೇ. ಅವಳು ಅರಸ, ಅಗಸ, ಸರ, ದಸರ, ಗರಗಸ ಎಂದು ಸಾಲಾಗಿ ಬರೆದು ನಿಲ್ಲಿಸಿದಳು. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಸುತ್ತುವುದೂ ಸುಲಭ. ‘ರ’ಕ್ಕೆ ಕೈ ಪಳಗಿದರೆ ಉಳಿದವು ಅದರ ಹಿಂದೆಯೇ ಬರುತ್ತವೆ. ಇದೇ ನಲಿ-ಕಲಿ, ನಲಿಯುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ಕಡೆಯ ಶಾಲೆಗಳಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದಿದೆಯಂತೆ. ಮೀನುಗಳನ್ನು ವಾಪಸ್ ದಾರಕ್ಕೆ ಕಟ್ಟುತ್ತಾ ಕೇಳಿಸಿಕೊಂಡೆ. ನಮ್ಮ ಮನೆಗೆ ಮಾತ್ರ ಸುದ್ದಿ ಬಂದಿರಲಿಲ್ಲ.

ಅಮ್ಮನ ಕಥೆ ಇನ್ನೊಂದು. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗ ಬಂದು “ಶಾಲೇಲಿ ಸೇತುಬಂಧ ನಡೀತಿದೆ ಅಜ್ಜಿ” ಎಂದ. ಅಮ್ಮನಿಗೆ ಕಣ್ಣಲ್ಲಿ ನೀರು. ಮದುವೆಯಾಗಿ ಬಂದಾಗಿನಿಂದ ನಮ್ಮ ಹಳ್ಳ ದಾಟುತ್ತಿರುವುದು ಅಡಿಕೆಮರದ ಕಾಲುಸಂಕದ ಮೇಲೇ. ಸಂಜೆಯೊಳಗೆ ಮೂರು ಮನೆಗೆ ಹೋಗಿ ಸೇತುವೆ ಮಂಜೂರಾಯಿತು ಎಂದು ಹೇಳಿ ಬಂದರು. ಹೋದ ವರ್ಷದ ಪಾಠ ನೆನಪಿಸಿ ಮಕ್ಕಳನ್ನು ಈ ವರ್ಷದ ಪಾಠಕ್ಕೆ ದಾಟಿಸುವುದು, ಶುರುವಿಗೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ, ಅಷ್ಟೇ ಅಮ್ಮ ಎಂದು ನಾನು ಬಿಡಿಸಿ ಹೇಳಿದೆ. “ಹಳ್ಳಕ್ಕಲ್ವಾ?” ಎಂದರು. ಆ ಹುಡುಗನಿಗೆ ಎತ್ತಿಟ್ಟಿದ್ದ ಹಲಸಿನ ಹಪ್ಪಳ ಮತ್ತೆ ಡಬ್ಬಿ ಸೇರಿತು.

ಮಳೆಯಲ್ಲಿ ಒದ್ದೆಯಾದ ಮಗಳ ಪುಸ್ತಕವನ್ನು ಒಂದು ರಾತ್ರಿ ಬಚ್ಚಲ ಹಂಡೆ ಒಲೆಯ ಮಗ್ಗುಲಲ್ಲಿ ಒಣಗಲು ಇಟ್ಟೆ. ಬೆಳಿಗ್ಗೆ ನೋಡಿದರೆ ಎಡಗಡೆ ಅಂಚು ಸುಟ್ಟು ಕರಕಲು. ಅವಳು ಅಳುತ್ತಾಳೆ ಅಂದುಕೊಂಡೆ. ಬೆರಳಿಟ್ಟು ಓದಿದಳು. “ದಸರದಲ್ಲಿ ದ ಹೋಗಿದೆ. ಸರ ಉಳಿದಿದೆ ಅಪ್ಪ, ಅಡ್ಡಿಲ್ಲ.”

ಶಾಲೆಯಲ್ಲಿ ಹವಾಮಾನದ ನಕ್ಷೆಯೂ ಇದೆ. ದಿನಾ ಬಿಸಿಲೋ ಮೋಡವೋ ಮಳೆಯೋ ಗುರುತು ಹಾಕಬೇಕು. ನಮ್ಮೂರಲ್ಲಿ ಅದಕ್ಕೆ ಮಕ್ಕಳೇ ಬೇಕಿಲ್ಲ, ಮೊದಲೇ ಅಚ್ಚು ಹಾಕಿಸಿ ಇಡಬಹುದು. ಆದರೆ ಒಂದು ತಮಾಷೆ. ತೀರಾ ಜೋರು ಮಳೆ ಬಂದ ದಿನ ರಜೆ ಕೊಡುತ್ತಾರೆ, ನಕ್ಷೆಯಲ್ಲಿ ರಜೆ ದಿನದ ಚೌಕ ಖಾಲಿ. ಹಾಗಾಗಿ ಆ ನಕ್ಷೆ ನೋಡಿದವರು ಇಲ್ಲಿ ದೊಡ್ಡ ಮಳೆಯೇ ಬರುವುದಿಲ್ಲ ಅಂದುಕೊಳ್ಳಬೇಕು.

ಮೊನ್ನೆ ಅಂಥದೇ ರಜೆ. ಹಂಚಿನ ಮೇಲೆ ಹೊಡೆಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಗಳು ಜಗಲಿಯಲ್ಲಿ ಕೂತು ಸ್ಲೇಟಿನ ತುಂಬಾ ಗೆರೆ ಎಳೆದು ಮಳೆ ಬಿಟ್ಟಿದ್ದಳು. “ಕೆಳಗೆ ಮಳೆ ಅಂತ ಬರಿ” ಎಂದೆ.

“ಮ ಇನ್ನೂ ಬಂದಿಲ್ಲ ಅಪ್ಪ. ಅದು ಜ ವ ಮ ಬ ನದಲ್ಲಿ.”

ಅಮ್ಮ ಕೊಟ್ಟಿಗೆಯಿಂದ ಕಂಬಳಿಕೊಪ್ಪೆ ಹೊದ್ದು, ನೀರಿಳಿಸುತ್ತಾ ಮೆಟ್ಟಿಲು ಹತ್ತುತ್ತಿದ್ದವರು ನಿಂತರು. “ಬಂದಿಲ್ವಾ? ಹಾಗಾದ್ರೆ ಇದೇನೇ ಸುರೀತಿರೋದು?”